ಮುಪ್ಪಿನ ನಾಯಿಯನ್ನು ಬೀಳ್ಕೊಡುವ ಬಗೆ

ಅಕ್ಕಲಕೋಟೆಯ ವಟವೃಕ್ಷ ಮಂದಿರಕ್ಕೆ ಹೋಗುವ ದಾರಿಯ ಅಂಗಡಿಗಳಲ್ಲಿ, ಸ್ವಾಮಿ ಸಮರ್ಥರ ಭಾವಚಿತ್ರಗಳ ಮಗ್ಗುಲಿಗೆ, ಮೂರು ಮುಖದ ದತ್ತಾತ್ರೇಯನ ಪಟಗಳನ್ನು ತೂಗುಹಾಕಿರುತ್ತಾರೆ. ದೇವರ ಬೆನ್ನ ಹಿಂದೆ ಗೋವೂ ಪಾದದ ಸುತ್ತ ನಾಲ್ಕು ನಾಯಿಗಳೂ ಇರುವ ಆ ಪಟವನ್ನು ಕಾಣದವರು ನಮ್ಮ ಸೀಮೆಯಲ್ಲಿ ಯಾರೂ ಇರಲಾರರು. ನಾಲ್ಕು ನಾಯಿಗಳೆಂದರೆ ನಾಲ್ಕು ವೇದಗಳೆಂದು ಹಿರಿಯರು ಅರ್ಥ ಹೇಳುತ್ತಾರೆ. ಹೋದ ಚೈತ್ರಮಾಸದ ಒಂದು ಮಧ್ಯಾಹ್ನ, ಬಿಸಿಲು ತಗ್ಗಲೆಂದು ಅಂಥದೊಂದು ಅಂಗಡಿಯ ನೆರಳಿನಲ್ಲಿ ನಾನು ನಿಂತಿದ್ದಾಗ, ಪಟಗಳ ಕೆಳಗೆ ಒಂದು ಮುದಿನಾಯಿ ಮಲಗಿತ್ತು. ಅದರ ಕೊರಳಲ್ಲಿ ಹರಕು ಪಟ್ಟಿಯೊಂದು ಇನ್ನೂ ಉಳಿದಿದ್ದುದರಿಂದ ಅದು ಬೀದಿಯಲ್ಲಿ ಹುಟ್ಟಿದ್ದಲ್ಲ, ಯಾರದೋ ಮನೆಯಲ್ಲಿ ಬೆಳೆದದ್ದೆಂದು ತಿಳಿಯುತ್ತಿತ್ತು. ಅಂಗಡಿಯವನು ಅದರ ಮುಂದೆ ಒಂದು ಬಟ್ಟಲು ನೀರಿಟ್ಟು, "ಎಲ್ಲಿಂದೋ ಗಾಡ್ಯಾಗ ತಂದು ಬಿಟ್ಟು ಹೋಗ್ಯಾರ್ರೀ. ಎಂಟ್ ದಿನಾ ಆಯ್ತು. ಗಾಡಿ ಸಪ್ಪಳಾದ್ರ ಎದ್ದು ನೋಡ್ತದ" ಎಂದನು.

ಆ ಮಾತು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ತನ್ನನ್ನು ಇಳಿಸಿಹೋದ ಗಾಡಿಯೇ ತಿರುಗಿ ಬಂದಿತೆಂಬ ನಂಬಿಕೆಯಿಂದ, ಹಿಂಗಾಲುಗಳಲ್ಲಿ ಶಕ್ತಿಯಿಲ್ಲದಿದ್ದರೂ ಹೇಗೋ ಎದ್ದು, ಧೂಳಿನ ಕಡೆಗೆ ಮೂಗೆತ್ತಿ, ಅದಲ್ಲವೆಂದು ತಿಳಿದ ಬಳಿಕ ಮತ್ತೆ ಅದೇ ನೆರಳಿಗೆ ಬಂದು ಕುಸಿಯುವ ಆ ಪ್ರಾಣಿಯನ್ನು ನಾನು ಒಂದು ಗಂಟೆಯೊಳಗೆ ನಾಲ್ಕು ಸಲ ನೋಡಿದೆನು. ಸೊಲ್ಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಕುಳಿತಾಗ, ಹತ್ತು ಹನ್ನೆರಡು ವರ್ಷ ನಮ್ಮ ಹೊಸ್ತಿಲನ್ನು ಕಾಯ್ದ ಜೀವಕ್ಕೆ ಅದರ ಕಡೆಯ ದಿನಗಳಲ್ಲಿ ನಾವು ಸಲ್ಲಿಸಬೇಕಾದದ್ದು ಏನೆಂಬ ವಿಚಾರವು ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಇಡತಕ್ಕದ್ದೇ ಸರಿ ಎಂದು ನನಗೆ ನಿಶ್ಚಯವಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಕಿದವನು ಕಡೆಯ ಗಳಿಗೆಯಲ್ಲಿ ನಾಯಿಯ ಕಣ್ಣೆದುರಿಗೆ ಇರಬೇಕು. ಔಷಧಿ, ಪಥ್ಯ, ಮಣ್ಣುಕೊಡುವ ಜಾಗ ಇವೆಲ್ಲ ಆಮೇಲಿನ ಮಾತು.

ಇದನ್ನು ಹೇಳುವ ಅಧಿಕಾರ ನನಗೆ ಬಂದದ್ದು ಒಂದು ಅಪರಾಧದಿಂದ. ನಾನು ಒಂಬತ್ತು ವರ್ಷದವನಾಗಿದ್ದಾಗ ಮೈಂದರ್ಗಿಯ ನಮ್ಮ ಮನೆಯಲ್ಲಿ ಕರಿಯಾ ಎಂಬ ನಾಯಿ ಇದ್ದಿತು. ಮೈಯೆಲ್ಲ ಕಜ್ಜಿಯಾಗಿ, ಕಿವಿ ಕೇಳದೆ, ಪಡಸಾಲೆಯಲ್ಲಿಯೇ ಹೊಲಸು ಮಾಡತೊಡಗಿದಾಗ, ಅಪ್ಪ ಅದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ದುಧನಿಯ ಸಂತೆಗೆ ಹೊರಟರು. ನಾನೂ ಜೊತೆಗೆ ಹೋದೆನು. ಸಂತೆಯ ಹಿಂಬದಿಯ ಬೇವಿನ ಗಿಡದ ಕೆಳಗೆ ಅದನ್ನು ಇಳಿಸಿ, ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿಯನ್ನು ಮುಂದಿಟ್ಟು, ಅದು ತಿನ್ನತೊಡಗಿದೊಡನೆ ಅಪ್ಪ ನನ್ನ ಕೈಹಿಡಿದುಕೊಂಡು ಬಿರಬಿರನೆ ನಡೆದುಬಿಟ್ಟರು. ನಾನು ಒಮ್ಮೆ ಹಿಂದಿರುಗಿ ನೋಡಿದೆನು. ರೊಟ್ಟಿ ಬಾಯಲ್ಲಿಯೇ ಇತ್ತು, ಅದು ನಮ್ಮನ್ನು ನೋಡುತ್ತಿತ್ತು. ಆ ರಾತ್ರಿ ಅಪ್ಪ ಉಣ್ಣಲಿಲ್ಲ. ಆ ಹೆಸರನ್ನು ಅವರು ಸಾಯುವವರೆಗೂ ಎತ್ತಲಿಲ್ಲ. ಅವರು ಕ್ರೂರರಾಗಿರಲಿಲ್ಲ, ಎತ್ತುಗಳಿಗೆ ಕಾರಹುಣ್ಣಿಮೆಯ ದಿನ ತಾವೇ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಅವಕ್ಕೆ ತಿನ್ನಿಸುವ ತನಕ ಬಾಯಿಗೆ ನೀರು ಹಾಕದ ಮನುಷ್ಯರು. ಆದರೆ ಮುದಿನಾಯಿಯನ್ನು ಏನು ಮಾಡಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಊರಿನಲ್ಲಿ ಎಲ್ಲರೂ ಆಡುತ್ತಿದ್ದ ಮಾತು ಒಂದೇ: ಬಿಟ್ಟು ಬರ್ರಿ.

ಈ 'ಬಿಟ್ಟು ಬರುವುದು' ಎಂಬ ಮಾತಿನಲ್ಲಿ ಒಂದು ಆತ್ಮವಂಚನೆ ಇದೆ. ಕೊಂದೆನೆಂದು ಹೇಳಬೇಕಾಗುವುದಿಲ್ಲ, ಸಾಯಲು ಬಿಟ್ಟೆನೆಂದೂ ಹೇಳಬೇಕಾಗುವುದಿಲ್ಲ. ಎಲ್ಲಿಯೋ ಯಾರೋ ತುತ್ತು ಹಾಕುವರೆಂಬ ಕಲ್ಪನೆಯನ್ನು ಮನಸ್ಸಿಗೆ ಹೊದಿಸಿಕೊಂಡು ಮನೆಗೆ ಬರಬಹುದು. ಆದರೆ ಹೊಸ ಓಣಿಯ ನಾಯಿಗಳು ಪರಸ್ಥಳದ ಮುದಿನಾಯಿಯನ್ನು ಹತ್ತಿರ ಬರಗೊಡುವುದಿಲ್ಲ. ಕಣ್ಣು ಕಿವಿ ಮಂದವಾದ ಪ್ರಾಣಿಗೆ ಹೆದ್ದಾರಿಯನ್ನು ದಾಟುವುದು ಸಾಧ್ಯವಿಲ್ಲ. ನಮ್ಮ ದೇಶದ ಕಾಯಿದೆಯೂ ಇದನ್ನು ಅಪರಾಧವೆಂದೇ ಎಣಿಸುತ್ತದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವವನು ದಂಡನೆಗೆ ಪಾತ್ರನು. ಆದರೆ ಆ ಕಾಯಿದೆ ಮೊದಲ ಸಲದ ತಪ್ಪಿಗೆ ಗೊತ್ತುಪಡಿಸಿದ ದಂಡವು 10 ರೂಪಾಯಿಯಿಂದ 50 ರೂಪಾಯಿ! ಆ ಕಾಲಕ್ಕೆ ಅದು ಒಂದು ಮೊತ್ತವಾಗಿತ್ತು; ಇಂದು ಅದು ಗಾಡಿಗೆ ಹಾಕಿಸುವ ಪೆಟ್ರೋಲಿಗಿಂತ ಕಡಿಮೆ. ಇದನ್ನು ತಿದ್ದಬೇಕಾದದ್ದು ಸಂಸತ್ತಿನ ಕೆಲಸ, ಅದು ಬೇಗ ಆಗಲಿ; ಆದರೆ ದಂಡದ ಭಯಕ್ಕೆ ನಾಯಿಯನ್ನು ಇಟ್ಟುಕೊಳ್ಳುವ ಮನೆಯಲ್ಲಿ ಆ ನಾಯಿಗೆ ಸುಖವೂ ಇರಲಾರದು. ಮನಸ್ಸು ಬದಲಾಗಬೇಕು, ಮನಸ್ಸಿಗೆ ಬೇಕಾದ ಆಧಾರವು ನಮ್ಮ ನಾಡಿನಲ್ಲಿ ಧಾರಾಳವಾಗಿದೆ.

ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಬೆನ್ನು ಹತ್ತಿ, ಒಣರೊಟ್ಟಿ ತಿನ್ನಬೇಡ, ತುಪ್ಪ ಹಚ್ಚಿಕೊಡುತ್ತೇನೆ ಎಂದು ತುಪ್ಪದ ಬಟ್ಟಲು ಹಿಡಿದು ಓಡಿದ ನಾಮದೇವನ ಕಥೆಯನ್ನು ನಮ್ಮ ಜಿಲ್ಲೆಯ ಪಂಢರಪುರಕ್ಕೆ ಹೋಗುವ ವಾರಕರಿಗಳೆಲ್ಲರೂ ಬಲ್ಲರು. ಸೊಲ್ಲಾಪುರಕ್ಕೆ ಅಂಟಿಕೊಂಡಿರುವ ಬಾಳೆಯ ಖಂಡೋಬನ ಗುಡಿಗೆ ಚಂಪಾಷಷ್ಠಿಯ ಜಾತ್ರೆಯಲ್ಲಿ ಹೋದರೆ ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಳ್ಳುವ ವಾಘ್ಯಾಗಳನ್ನು ಕಾಣಬಹುದು. ಅದೇ ದೇವರನ್ನು ನಾವು ಕನ್ನಡಿಗರು ಮೈಲಾರಲಿಂಗನೆಂದು ಕರೆಯುತ್ತೇವೆ, ಆತನ ಗೊರವರು ಮೈಲಾರದಲ್ಲಿ ನಾಯಿಯಂತೆ ಬೊಗಳುತ್ತ, ನೆಲಕ್ಕಿಟ್ಟ ದೋಣಿಯಲ್ಲಿ ಬಾಯಿಹಾಕಿ ಪ್ರಸಾದವನ್ನು ತಿನ್ನುತ್ತಾರೆ. ಒಡೆಯನ ಮುಂದೆ ನಾಯಿಯಾಗುವುದೇ ಅಲ್ಲಿ ಭಕ್ತಿಯ ಪರಾಕಾಷ್ಠೆ. ಸ್ವರ್ಗದ ಬಾಗಿಲಿನಲ್ಲಿ ನಾಯಿಯನ್ನು ಬಿಟ್ಟುಕೊಡದ ಧರ್ಮರಾಯನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗಾದರೋ ಅದಕ್ಕಿಂತಲೂ ಹತ್ತಿರವಾದದ್ದು ಒಂದು ಕಲ್ಲು.

ಅದು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರುವ ಶಾಸನ. ಕಾಲ ಕ್ರಿ.ಶ. 949-50. ಕಾಗಿಣಾ ನದಿಯ ದಂಡೆಯ ಮಳಖೇಡದಿಂದ, ಎಂದರೆ ನಮ್ಮ ಸೀಮೆಯ ನೆರೆಯಿಂದಲೇ, ಆಳಿದ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಅವನ ಭಾವಮೈದುನನಾದ ಗಂಗರ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ವಿಷಯವು ಅದರಲ್ಲಿದೆ. ಇತಿಹಾಸಕಾರರು ಅದನ್ನು ಓದುವುದು ಆ ಕಾರಣಕ್ಕಾಗಿ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಯುದ್ಧಕ್ಕಾಗಿ ಅಲ್ಲ. ಬೂತುಗನ ಬಂಟನಾದ ಮಣಲೇರನೆಂಬವನು, ತನ್ನ ಪರಾಕ್ರಮಕ್ಕೆ ಬೇಕಾದುದನ್ನು ಬೇಡಬಹುದಾಗಿದ್ದಾಗ, ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು; ಆ ಕಾಳಿ ಕೆಲಲೆಯ ಗುಡ್ಡದಲ್ಲಿ ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೇರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಕೆತ್ತಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು, ಎಂದರೆ ಆ ಗುಡಿಯ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಬರೆಯಿಸಿದನು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಕನ್ನಡದ ಯೋಧನಿಗೆ ತನ್ನ ನಾಯಿಯನ್ನು ಹೀಗೆ ಬೀಳ್ಕೊಡುವುದರಲ್ಲಿ ಲಜ್ಜೆ ಎನಿಸಲಿಲ್ಲ. ನಾಯಿ ಸತ್ತುದಕ್ಕೆ ಒಂದು ದಿನ ರಜೆ ಕೇಳಲು ಇಂದಿನ ಗುಮಾಸ್ತನಿಗೆ ಲಜ್ಜೆ ಏಕೆ?

ನಮ್ಮ ಮನೆಯ ನಾಯಿ ಮೋತ್ಯಾನ ಮಾತಿಗೆ ಬರುತ್ತೇನೆ. ಅದನ್ನು ನನಗೆ ಕೊಟ್ಟವರು ನಾನ್ನಜದ ಹುಲ್ಲುಗಾವಲಿನ ಕಡೆ ಕುರಿ ಮೇಯಿಸುವ ಹಾಲುಮತದ ಒಬ್ಬ ಮುತ್ತ್ಯಾ. ಮಾಳಢೋಕವೆಂಬ ಅಪೂರ್ವ ಪಕ್ಷಿಗಾಗಿ ಮೀಸಲಾದ ಆ ಬಯಲಿನಲ್ಲಿ ತೋಳಗಳೂ ಇವೆ. ರಾತ್ರಿ ಕುರಿಹಿಂಡನ್ನು ಬಯಲಲ್ಲಿ ನಿಲ್ಲಿಸುವವನಿಗೆ ನಾಯಿಯೆಂದರೆ ಆಳಿಗಿಂತ ಹೆಚ್ಚಿನ ನೆಚ್ಚಿಕೆ. ಮೋತ್ಯಾನ ತಾಯಿ ಕಾರವಾನಿ ಜಾತಿಯದು. ಉದ್ದ ಮೂಗು, ತೆಳು ಸೊಂಟ, ಓಡಿದರೆ ನೆಲಕ್ಕೆ ಕಾಲು ತಾಗುತ್ತದೋ ಇಲ್ಲವೋ ಎನ್ನುವಂಥ ಓಟ. ಬಾಗಲಕೋಟೆಯ ಕಡೆಯವರು ಅದನ್ನೇ ಮುಧೋಳ ನಾಯಿಯೆನ್ನುತ್ತಾರೆ. ಅದರ ಚಿತ್ರವನ್ನು ಅಂಚೆ ಇಲಾಖೆಯವರು 2005ರಲ್ಲಿ ಚೀಟಿಯ ಮೇಲೆ ಅಚ್ಚುಹಾಕಿಸಿದ್ದಾರೆ. ತಳಿಗೆ ಸಂದ ಈ ಮರ್ಯಾದೆ ನನಗೆ ಸಂತೋಷವನ್ನೇ ಕೊಡುತ್ತದೆ, ಆದರೆ ಆ ತಳಿಯಲ್ಲಿ ಹುಟ್ಟಿ ಹಲ್ಲು ಬಿದ್ದುಹೋದ ಒಂದೊಂದು ನಾಯಿಗೂ ಮರ್ಯಾದೆ ಸಲ್ಲುವ ದಿನ ಬರಬೇಕಾಗಿದೆ.

ಹನ್ನೊಂದನೆಯ ವರ್ಷದಲ್ಲಿ ಮೋತ್ಯಾನ ಕಣ್ಣಿನಲ್ಲಿ ನೀಲಿ ಹೊಗೆಯಂಥ ಛಾಯೆ ಕಂಡಿತು. ಕುರುಡಾಯಿತೆಂದು ನಾನು ಹೆದರಿದೆನು. ಇದು ಪೊರೆಯಲ್ಲ, ವಯಸ್ಸಾದಂತೆ ಕಣ್ಣಿನ ಮಸೂರವು ಗಟ್ಟಿಯಾಗುವುದರಿಂದ ಬರುವ ಬಣ್ಣ, ದೃಷ್ಟಿ ಬಹುಮಟ್ಟಿಗೆ ಉಳಿದಿರುತ್ತದೆ ಎಂದು ಪಶುವೈದ್ಯರು ಸಮಾಧಾನ ಹೇಳಿದರು. ಆಮೇಲೆ ಕಿವಿ ಮಂದವಾಯಿತು. ನಾನು ಬಾಗಿಲಿಗೆ ಬಂದರೆ ತಿಳಿಯುತ್ತಿರಲಿಲ್ಲ, ಆದರೆ ಚಪ್ಪಲಿಯನ್ನು ಕಟ್ಟೆಗೆ ಬಡಿದರೆ ನೆಲದ ಕಂಪನದಿಂದಲೇ ಗುರುತಿಸಿ, ಮಲಗಿದಲ್ಲಿಂದಲೇ ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯುತ್ತಿತ್ತು. ಹದಿಮೂರರಲ್ಲಿ ಮೂತ್ರಪಿಂಡಗಳು ಸೋತವು. ಕೊಡಗಟ್ಟಲೆ ನೀರು ಕುಡಿಯುವುದು, ಮೈ ಸೊರಗುವುದು, ಬಾಯಿಯಿಂದ ಒಂದು ಬಗೆಯ ಘಾಟು ವಾಸನೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಕೂಡ, ನನ್ನ ಮೇಲಿನ ದಾಕ್ಷಿಣ್ಯಕ್ಕೆಂಬಂತೆ, ನೆಕ್ಕಿ ಬಿಡುತ್ತಿತ್ತು.

ಇಲ್ಲಿ ಪ್ರೀತಿಯುಳ್ಳವರು ಮಾಡುವ ತಪ್ಪು ಬಿಟ್ಟು ಬರುವವರ ತಪ್ಪಿಗಿಂತ ಬೇರೆಯಾದದ್ದು, ಅದನ್ನು ನಾನೂ ಇಪ್ಪತ್ತು ದಿನ ಮಾಡಿದೆನು. ಇವತ್ತು ಒಂದು ತುತ್ತು ತಿಂದಿತು, ನಾಳೆ ಎರಡು ತಿನ್ನಬಹುದು. ಇವತ್ತು ತಾನೇ ಎದ್ದಿತು, ನಾಳೆ ಅಂಗಳಕ್ಕೆ ಹೋಗಬಹುದು ಎಂದು ಲೆಕ್ಕ ಹಾಕುತ್ತ, ಅದರ ನೋವನ್ನು ನನ್ನ ಆಸೆಯ ತಕ್ಕಡಿಯಲ್ಲಿ ತೂಗುತ್ತಿದ್ದೆನು. ನೆರೆಮನೆಯ ಹಿರಿಯ ಜೈನ ಗೃಹಸ್ಥರು, ಎಂದೂ ಒರಟು ಮಾತನಾಡದವರು, "ಪ್ರಾಣ ತಗಿಯೋ ಅಧಿಕಾರ ನಮಗಿಲ್ರೀ, ಅದರ ಕರ್ಮ ಅದು ಉಂಡೇ ತೀರಬೇಕು" ಎಂದರು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿ ನಡೆಯುವವರ ನಡುವೆ ನಾವು ಬೆಳೆದವರು. ಜೀವವೊಂದರ ಅಂತ್ಯಕ್ಕೆ ಕೈಹಚ್ಚಲು ಹಿಂಜರಿಯುವ ಮನಸ್ಸೇ ಉತ್ತಮವಾದ ಮನಸ್ಸು. ಆದರೂ ನನಗೆ ತೋರುವುದು ಹೀಗೆ: ಅದು ಏನು ತಿನ್ನಬೇಕು, ಎಲ್ಲಿ ಮಲಗಬೇಕು, ಸಂತಾನ ಪಡೆಯಬೇಕೋ ಬೇಡವೋ, ಸರಪಳಿ ಎಷ್ಟು ಉದ್ದವಿರಬೇಕು ಎಂಬುದನ್ನೆಲ್ಲ ಹದಿಮೂರು ವರ್ಷ ನಿಶ್ಚಯಿಸಿದವನು ನಾನು, ಅದರ ಬದುಕಿನ ಮೇಲೆ ಅಷ್ಟು ಅಧಿಕಾರವನ್ನು ಚಲಾಯಿಸಿ, ಅದು ನರಳುವ ದಿನಗಳಲ್ಲಿ ಮಾತ್ರ ನನಗೆ ಅಧಿಕಾರವಿಲ್ಲವೆಂದು ಕೈಕಟ್ಟಿ ಕೂರುವುದು ವಿನಯವೆನಿಸಲಾರದು. ಬೀದಿಯ ನಾಯಿಗಳ ವಿಷಯದಲ್ಲಿಯೇ, ವಾಸಿಯಾಗದ ರೋಗದಿಂದ ಬಳಲುವ ಪ್ರಾಣಿಗೆ ಅರ್ಹ ವೈದ್ಯನ ಕೈಯಿಂದ ನೋವಿಲ್ಲದ ಮರಣ ದೊರೆಯಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ವಿಧಿಸಿವೆ. ಮನೆಯ ನಾಯಿಗೆ ಅದಕ್ಕಿಂತ ಕಡಿಮೆಯಾಗಬಾರದಷ್ಟೆ.

ಯಾವಾಗ ಎಂಬುದೇ ಕಠಿಣವಾದ ಪ್ರಶ್ನೆ. ಅದಕ್ಕೆ ವೈದ್ಯರು ನನಗೆ ಹೇಳಿದ್ದು ಸರಳವಾದ ಉಪಾಯ: ನಿಮ್ಮ ನಾಯಿಗೆ ಅತ್ಯಂತ ಪ್ರಿಯವಾದ ಮೂರು ಸಂಗತಿಗಳನ್ನು ನೆನೆಯಿರಿ, ಅವುಗಳಲ್ಲಿ ಎಷ್ಟು ಉಳಿದಿವೆ ನೋಡಿರಿ. ಮೋತ್ಯಾನಿಗೆ ಪ್ರಿಯವಾದದ್ದು ರೊಟ್ಟಿ, ಸಂಜೆ ಸಿದ್ಧರಾಮೇಶ್ವರರ ಕೆರೆಯ ದಂಡೆಯವರೆಗಿನ ನಡಿಗೆ, ಮತ್ತು ನನ್ನ ಚಪ್ಪಲಿಯ ಸಪ್ಪಳ. ಮೊದಲನೆಯದು ಹೋಗಿತ್ತು, ಎರಡನೆಯದು ಹೋಗಿ ತಿಂಗಳುಗಳಾಗಿದ್ದವು. ಒಂದು ಸಂಜೆ ನಾನು ಚಪ್ಪಲಿ ಬಡಿದಾಗ ಬಾಲ ಅಲುಗಲಿಲ್ಲ. ಮರುದಿನ ವೈದ್ಯರನ್ನು ಕರೆದೆನು.

ಅವರು ಬಿಸಿಲಿಳಿದ ಮೇಲೆ ಮನೆಗೇ ಬಂದರು. ಕೌದಿಯ ಮೇಲೆ ಮೋತ್ಯಾ ಮಲಗಿತ್ತು, ಅದರ ತಲೆ ನನ್ನ ತೊಡೆಯ ಮೇಲಿತ್ತು. ಕೆಲಸಕ್ಕೆ ಕೈಹಾಕುವ ಮುನ್ನ ವೈದ್ಯರು ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದರು, ಅದನ್ನು ಇಲ್ಲಿ ಬರೆಯುವುದು ಇನ್ನೊಬ್ಬರಿಗೆ ಧೈರ್ಯವಾಗಲೆಂದು: ಈ ಔಷಧಿ ಅರಿವಳಿಕೆಯ ಔಷಧಿಯೇ, ಪ್ರಮಾಣ ಮಾತ್ರ ಹೆಚ್ಚಿನದು, ಮೊದಲು ನಿದ್ದೆ ಬರುತ್ತದೆ, ಪ್ರಜ್ಞೆ ಹೋದ ಬಳಿಕವೇ ಉಸಿರೂ ಹೃದಯವೂ ನಿಲ್ಲುತ್ತವೆ, ಕಣ್ಣು ತೆರೆದೇ ಇರುತ್ತದೆ, ಎಲ್ಲ ಮುಗಿದ ಮೇಲೆಯೂ ಒಂದೆರಡು ಸಲ ಎದೆ ಎಳೆದಂತೆ ಕಾಣಬಹುದು, ಅದು ಸ್ನಾಯುಗಳ ಚಲನೆ, ನೋವಲ್ಲ. ಬಳಿಕ ಮುಂಗಾಲಿನ ಕೂದಲನ್ನು ಬೆರಳಗಲ ಬೋಳಿಸುತ್ತ, ಔಷಧಿ ಕೊಡುವಾಗ ಹೊರಗೆ ಹೋಗುವಿರಾ ಎಂದು ಕೇಳಿದರು. ಇಲ್ಲವೆಂದೆನು. "ಭಾಳ ಮಂದಿ ಹೊರಗ ನಿಲ್ತಾರ್ರೀ, ನೋಡಾಕ ಆಗಲ್ಲಂತ," ಎಂದು ಅವರು ತಲೆಯೆತ್ತದೆಯೇ ಹೇಳಿದರು, "ನಾಯಿ ಕಡೀ ತನಕ ಬಾಗಲಾನೇ ನೋಡ್ತಿರ್ತದ."

ಈ ಲೇಖನದಲ್ಲಿ ಓದುಗರು ಬೇರೆ ಎಲ್ಲವನ್ನು ಮರೆತರೂ ಆ ವೈದ್ಯರ ಮಾತೊಂದನ್ನು ಮರೆಯಬಾರದೆಂದು ನನ್ನ ಪ್ರಾರ್ಥನೆ. ಹೊರಗೆ ನಿಲ್ಲುವವರಿಗೆ ಪ್ರೀತಿ ಕಡಿಮೆಯೆಂದು ನಾನು ಹೇಳುವುದಿಲ್ಲ. ಅವರ ಅಳು ನಿಜವಾದದ್ದು. ಆದರೆ ಆ ಅಳುವನ್ನು ಐದು ನಿಮಿಷ ತಡೆದಿಡುವುದು ಸಾಧ್ಯ, ನಾಯಿಗೆ ಆ ಐದು ನಿಮಿಷಗಳಾದ ಮೇಲೆ ಮತ್ತೊಂದಿಲ್ಲ. ನಾನು ಮೋತ್ಯಾನ ಕಿವಿಯ ಬುಡವನ್ನು ತುರಿಸುತ್ತ, ದಿನವೂ ರಾತ್ರಿ ದೀಪ ಆರಿಸುವಾಗ ಹೇಳುತ್ತಿದ್ದ ಮಾತನ್ನೇ ಹೇಳಿದೆನು: "ಮಲಕೋ ಮೋತ್ಯಾ, ನಾ ಇಲ್ಲೇ ಅದೀನಿ." ಕೇಳಿಸಿತೋ ಇಲ್ಲವೋ, ಅದರ ದವಡೆ ನನ್ನ ತೊಡೆಯ ಮೇಲಿತ್ತು, ಮಾತಿನ ಕಂಪನವಾದರೂ ಮುಟ್ಟಿರಬೇಕು. ಮೂಗಿನ ಬಿಸಿ ಉಸಿರು ನನ್ನ ಅಂಗೈಗೆ ಬಡಿಯುತ್ತಿದ್ದುದು ಒಂದು ಸಲ ಉದ್ದವಾಗಿ ಬಂದು, ಆಮೇಲೆ ಬರಲಿಲ್ಲ.

ಅದನ್ನು ಹಳೆಯ ಸೊಲ್ಲಾಪುರದ ಚಾದರವೊಂದರಲ್ಲಿ ಸುತ್ತಿದೆವು. ಅದು ನಮ್ಮ ಅಜ್ಜ ಗಿರಣಿಯಲ್ಲಿ ದುಡಿಯುತ್ತಿದ್ದ ಕಾಲದ ಚಾದರ. ಅಂಚು ಸವೆದಿದ್ದರೂ ನಡುವಿನ ಹೂವಿನ ಬಣ್ಣ ಹೋಗಿರಲಿಲ್ಲ. ರಾತ್ರಿಯೇ ಮೈಂದರ್ಗಿಯ ತಮ್ಮನ ಹೊಲಕ್ಕೆ ಒಯ್ದೆವು. ನನಗೆ ಹೊಲವಿತ್ತು, ಕೊಂಡೊಯ್ಯಲು ಗಾಡಿ ಸಿಕ್ಕಿತು. ಬಾಡಿಗೆಯ ಎರಡು ಕೋಣೆಯಲ್ಲಿ, ಮೂರನೆಯ ಅಂತಸ್ತಿನಲ್ಲಿ ವಾಸಿಸುವವನು ಏನು ಮಾಡಬೇಕು? ಚೀಲದಲ್ಲಿ ಹಾಕಿ ಕಸದ ಗಾಡಿಗೆ ಕೊಡಬೇಕಾದೀತೆಂಬ ಭಯವೇ ಎಷ್ಟೋ ಜನರನ್ನು 'ಬಿಟ್ಟು ಬರುವ' ದಾರಿಗೆ ತಳ್ಳುತ್ತದೆಯೆಂದು ನಾನು ನಂಬಿದ್ದೇನೆ. ಬೆಂಗಳೂರಿನ ಕೆಂಗೇರಿಯ ಬಳಿ ಪೀಪಲ್ ಫಾರ್ ಎನಿಮಲ್ಸ್ ಸಂಸ್ಥೆಯವರು ಸಾಕುಪ್ರಾಣಿಗಳಿಗೆಂದೇ ಸ್ಮಶಾನವೊಂದನ್ನು ನಡೆಸುತ್ತಾರೆ. ಮುಂಬಯಿ ಮಹಾನಗರಪಾಲಿಕೆಯವರು 2023ರಲ್ಲಿ ಮಲಾಡಿನಲ್ಲಿ ಪ್ರಾಣಿಗಳಿಗಾಗಿ ದಹನಗೃಹವನ್ನು ತೆರೆದರು. ದೊಡ್ಡ ನಗರಗಳಿಗೆ ಸಾಧ್ಯವಾದದ್ದು ಗಡಿಭಾಗದ ಊರುಗಳಿಗೂ ಸಾಧ್ಯವಾಗಬೇಕು. ಊರ ಹೊರಗೆ ಅರ್ಧ ಎಕರೆ ನೆಲ, ಸುತ್ತ ಬೇಲಿ, ಗುಂಡಿ ತೋಡಲು ಒಬ್ಬ ಆಳು, ಮತ್ತು ಕರೆದಾಗ ಮನೆಗೆ ಬರುವ ಒಬ್ಬ ಪಶುವೈದ್ಯ. ನಾಯಿ ಸಾಕುವವರಿಂದಲೇ ವರ್ಷಕ್ಕೊಂದು ಸಣ್ಣ ಶುಲ್ಕವನ್ನು ಎತ್ತಿದರೂ ಇಷ್ಟನ್ನು ನಡೆಸಬಹುದು. ಪ್ರತಿಯೊಂದು ನಗರಸಭೆಯ ಸದಸ್ಯರೂ ಇದನ್ನು ಮುಂದಿನ ಸಭೆಯಲ್ಲಿಯೇ ಎತ್ತಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಫಾಲ್ಗುಣದ ಎರೆನೆಲ ಕಲ್ಲಿನಂತೆ ಬಿರಿದಿತ್ತು. ಹೊಲದ ಬೇವಿನ ಗಿಡದ ಹತ್ತಿರ, ನರಿ ಕೆದರಬಾರದೆಂದು ಎದೆಯುದ್ದ ತೋಡಲು ತಮ್ಮನಿಗೂ ನನಗೂ ನಸುಕಿನ ತನಕ ಹಿಡಿಯಿತು. ನಾನ್ನಜದಿಂದ ಮುತ್ತ್ಯಾ ಬಂದಿದ್ದರು, ಎಂಬತ್ತು ದಾಟಿದ ಮನುಷ್ಯರು, ಯಾರು ಸುದ್ದಿ ಮುಟ್ಟಿಸಿದರೋ ತಿಳಿಯದು. ಅಡಿಗೆ ಒಂದು ಚೀಲ ಉಪ್ಪು ಹಾಕಿ ಚಾದರವನ್ನು ಇಳಿಸಿದೆವು. ನಾನು ಮಣ್ಣಿಗೆ ಕೈಹಾಕಿದಾಗ ಅವರು ನನ್ನ ತೋಳು ಹಿಡಿದು, "ತಡಿ ತಮ್ಮಾ. ಮೈಲಾರಲಿಂಗನ ಬಂಟ ಅದು. ಹಂಗೇ ಕಳಸಬಾರದು" ಎಂದು, ತಲೆಯ ಪಟಕ ತೆಗೆದು ಬಗಲಿಗೆ ಸಿಕ್ಕಿಸಿಕೊಂಡು, ಸೊಂಟದ ಚೀಲದಿಂದ ಭಂಡಾರ ತೆಗೆದು ಮೂರು ಸಲ ತೂರಿದರು. ನಸುಕಿನ ಬೆಳಕಿನಲ್ಲಿ ಚಾದರದ ಕೆಂಪು ಹೂಗಳ ಮೇಲೆ ಆ ಹಳದಿ ಕೂತಿತು. ಮೇಲೆ ಮಣ್ಣೆಳೆದು, ಜಾಲಿಯ ಮುಳ್ಳು ಹೊದಿಸಿ ಬಂದೆವು.

ಆ ವರ್ಷ ಭಾದ್ರಪದದಲ್ಲಿ ಒಳ್ಳೆಯ ಮಳೆಯಾಗಿ, ಹಿಂಗಾರಿಗೆ ತಮ್ಮ ಮಾಲದಂಡಿ ಜೋಳ ಬಿತ್ತಿದನು. ನಾನು ಅವನಿಗೆ ಏನೂ ಹೇಳಿರಲಿಲ್ಲ. ಪೈರು ಮೊಣಕಾಲುದ್ದ ಎದ್ದಾಗ ಹೋಗಿ ಬದುವಿನ ಮೇಲೆ ನಿಂತು ನೋಡಿದೆನು: ನೂಲು ಹಿಡಿದಂತೆ ನೆಟ್ಟಗೆ ಬಂದ ಸಾಲುಗಳು ಬೇವಿನ ಗಿಡದ ಹತ್ತಿರ ಒಂದು ಮಾರು ಅಗಲ ಬಳಸಿ, ಆಚೆಗೆ ಮತ್ತೆ ಕೂಡಿಕೊಂಡು ಹೋಗಿದ್ದವು, ಕೂರಿಗೆಯನ್ನು ಅಲ್ಲಿ ಎತ್ತಿ ತಿರುಗಿಸಿದ್ದನು.